ಆವಾಜ ಯಾಕ ಬರವಲ್ದು?

ಹೋದ ವರ್ಷದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ನನ್ನ ಶೀಟು ನೋಡಿ ಕೇಳಿದರು: "ಈ ಕ್ವಾರ್ಟರ್‌ನಲ್ಲಿ ನೀನು ಮಾಡಿದ್ದರಲ್ಲಿ ಅರ್ಧ ಬರೀ ಡಾಕ್ಯುಮೆಂಟೇಶನ್ ಅಲ್ವಾ? ಫೀಚರ್ ಎಲ್ಲಿದೆ?"

ಅವರು ಕೆಟ್ಟವರಲ್ಲ. ಬೈದದ್ದೂ ಅಲ್ಲ. ಆದರೆ ಆ 'ಬರೀ' ಅನ್ನೋ ಪದ ಇನ್ನೂ ನನ್ನ ಹೊಟ್ಟೆಯಲ್ಲಿ ಕೂತಿದೆ. ಈ ಲೇಖನ ಅದಕ್ಕೆ ಉತ್ತರ. ನನ್ನ ವಾದ ಇಷ್ಟೇ. ಲಿನಕ್ಸ್ ಕರ್ನಲ್‌ನಲ್ಲಿ ಆಡಿಯೋ ಹಾರ್ಡ್‌ವೇರನ್ನು ವಿವರಿಸುವ ನಮೂನೆಗಳನ್ನು ಬಿಚ್ಚಿ, ಮತ್ತೆ ಜೋಡಿಸಿ, ಒಂದು ಕ್ರಮಕ್ಕೆ ತರುವ ಕೆಲಸ ಗುಮಾಸ್ತಗಿರಿ ಅಲ್ಲ, ಅದೇ ಎಂಜಿನಿಯರಿಂಗು. ಅದನ್ನು ಗುಮಾಸ್ತಗಿರಿ ಅಂತ ನಾವು ಬೆಂಗಳೂರಿನಲ್ಲಿ ಪಕ್ಕಕ್ಕೆ ತಳ್ಳಿದ್ದರ ಫಲವನ್ನು ಕಮಲಾಪುರದಲ್ಲಿ ಕೂತ ನನ್ನ ಅವ್ವನಂಥವರು ಉಣ್ಣುತ್ತಾರೆ.

ಹೇಗೆ ಅಂತ ಹೇಳ್ತೀನಿ. ಮೊದಲು ವಿಷಯ ಅರ್ಥ ಮಾಡ್ಕೊಳ್ಳಿ.

ನಿಮ್ಮ ಲ್ಯಾಪ್‌ಟಾಪಿಗೆ ಯುಎಸ್‌ಬಿ ಮೌಸ್ ಚುಚ್ಚಿದರೆ ಅದು ತಾನೇ ಪರಿಚಯ ಹೇಳಿಕೊಳ್ಳುತ್ತೆ: ನಾನು ಮೌಸ್, ಇಂಥ ಕಂಪನಿ, ಇಂಥ ಮಾಡೆಲ್. ಆದರೆ ಫೋನು, ಟ್ಯಾಬ್ಲೆಟ್ಟು, ಟೀವಿ ಬಾಕ್ಸಿನಂಥವುಗಳ ಬೋರ್ಡಿನ ಮೇಲೆ ಬೆಸುಗೆ ಹಾಕಿ ಕೂರಿಸಿದ ಆಡಿಯೋ ಚಿಪ್ಪುಗಳಿಗೆ ಆ ಬಾಯಿಲ್ಲ. ಯಾವ ತಂತಿಯ ಮೇಲೆ ಯಾವ ಚಿಪ್ಪಿದೆ, ಅದರ ವಿಳಾಸ ಏನು, ಅದಕ್ಕೆ ಕರೆಂಟು ಎಲ್ಲಿಂದ ಬರುತ್ತೆ, ಯಾವ ಪಿನ್ ಎತ್ತಿದರೆ ಎಚ್ಚರವಾಗುತ್ತೆ ಅಂತ ಯಾರಾದರೂ ಕರ್ನಲ್‌ಗೆ ಬರೆದು ಕೊಡಬೇಕು. ಹಾಗೆ ಬರೆದು ಕೊಡುವ ಕಾಗದವೇ ಡಿವೈಸ್ ಟ್ರೀ.

ನಮ್ಮ ಕಡೆಯವರಿಗೆ ಒಂದೇ ಮಾತಲ್ಲಿ ಹೇಳ್ತೀನಿ: ಅದು ಬೋರ್ಡಿನ ಪಹಣಿ. ಸರ್ವೇ ನಂಬರ್ ಎಷ್ಟು, ವಿಸ್ತೀರ್ಣ ಎಷ್ಟು, ಕಬ್ಜೆದಾರ ಯಾರು, ಖರಾಬು ಎಷ್ಟು, ಅದರ ಮೇಲಿನ ಸಾಲ ಎಷ್ಟು. ಹೊಲ ತಾನಾಗಿ ಮಾತಾಡಲ್ಲ, ಪಹಣಿ ಮಾತಾಡುತ್ತೆ. ತಹಸೀಲ್ದಾರರು ಹೊಲಕ್ಕೆ ಬರದೇ ಪಹಣಿ ಓದಿ ತೀರ್ಮಾನ ಮಾಡ್ತಾರೆ. ಕರ್ನಲ್ ಕೂಡ ಹಾಗೇ.

ಪಹಣಿಗೆ ಒಂದು ನಮೂನೆ ಇರುತ್ತೆ. ಯಾವ ಕಾಲಮ್ಮಿನಲ್ಲಿ ಏನು ಬರಬೇಕು, ಯಾವುದು ಕಡ್ಡಾಯ, ಯಾವುದು ಬರೆಯಲೇಬಾರದು ಅಂತ. ಡಿವೈಸ್ ಟ್ರೀಗೂ ಅಂಥ ನಮೂನೆ ಇದೆ. ಅದಕ್ಕೆ ಸ್ಕೀಮಾ ಅಂತಾರೆ. ನನ್ನ ಅರ್ಧ ಕ್ವಾರ್ಟರ್ ಹೋದದ್ದು ಆಡಿಯೋ ವಿಭಾಗದ ಇಂಥ ನಮೂನೆಗಳ ಮೇಲೆ.

ಆಡಿಯೋ ಯಾಕೆ ಇಷ್ಟು ತಲೆನೋವು ಅಂದರೆ, ಅಲ್ಲಿ ಒಂದು ಚಿಪ್ಪಿನ ಸಂಸಾರ ಇಲ್ಲ. ಪ್ರೊಸೆಸರಿನ ಒಳಗೆ ಒಂದು ಆಡಿಯೋ ಬಾಗಿಲು, ಹೊರಗೆ ಡಿಜಿಟಲ್ಲನ್ನು ಅನಲಾಗ್ ಮಾಡುವ ಕೋಡೆಕ್, ಅದರಾಚೆ ಸ್ಪೀಕರಿಗೆ ಶಕ್ತಿ ತುಂಬುವ ಆಂಪ್ಲಿಫೈಯರ್. ಎಷ್ಟೋ ಸಲ ಮೂರೂ ಮೂರು ಕಂಪನಿಯವು. ಇವುಗಳ ನಡುವೆ ಕ್ಲಾಕ್ ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಅಂತ ಮೊದಲೇ ಒಪ್ಪಂದ ಆಗಬೇಕು. ಮೂರು ಜನ ಅಣ್ಣತಮ್ಮಂದಿರಿಗೆ ಒಂದೇ ಬಾವಿ ಇದ್ದಂಗೆ. ಯಾರ ಪಾಳಿ ಯಾವಾಗ ಅಂತ ಬರೆದಿಡದಿದ್ದರೆ ಒಬ್ಬನ ಹೊಲಕ್ಕೂ ನೀರು ಹರಿಯಲ್ಲ.

ಈಗ ಸ್ವಲ್ಪ ಇತಿಹಾಸ. ಡಿವೈಸ್ ಟ್ರೀ ಹೊಸದೇನಲ್ಲ. ಸನ್ ಕಂಪನಿಯ ಓಪನ್ ಫರ್ಮ್‌ವೇರ್‌ನಿಂದ ಬಂದದ್ದು, 1994ರಲ್ಲೇ ಐಇಇಇ 1275 ಅನ್ನೋ ಸ್ಟ್ಯಾಂಡರ್ಡ್ ಆಗಿತ್ತು. ಆದರೆ ಆರ್ಮ್ ಲೋಕ ಅದನ್ನು ಬಹಳ ದಿನ ಮುಟ್ಟಲಿಲ್ಲ. ಪ್ರತಿ ಬೋರ್ಡಿಗೂ ಒಂದೊಂದು ಸಿ ಫೈಲು ಬರೆದು ಕರ್ನಲ್ ಒಳಗೇ ತುಂಬ್ತಾ ಹೋದರು. 2011ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಈ ಗಲೀಜು ನೋಡಿ ಬಹಿರಂಗವಾಗಿ ಉಗಿದ ಮೇಲೆ ಆರ್ಮ್‌ನವರು ಡಿವೈಸ್ ಟ್ರೀ ಕಡೆ ಗಂಭೀರವಾಗಿ ತಿರುಗಿದರು. ಹಾರ್ಡ್‌ವೇರ್ ವಿವರ ಬೇರೆ, ಅದನ್ನು ಓದುವ ಕೋಡ್ ಬೇರೆ ಆಯ್ತು.

ಆದರೆ ಆಗ ನಮೂನೆಗಳು ಇದ್ದದ್ದು ಸಾದಾ ಪಠ್ಯದಲ್ಲಿ. ಮನುಷ್ಯರು ಓದಬಹುದಿತ್ತು, ಯಂತ್ರ ಪರೀಕ್ಷಿಸೋಕೆ ಆಗ್ತಿರಲಿಲ್ಲ. ಒಬ್ಬೊಬ್ಬ ಕಂಪನಿಯವರು ತಮಗೆ ತೋಚಿದಂಗೆ ಬರೆದರು. ಯಾವ ಪಿನ್ನಿನಿಂದ ಯಾವ ಸ್ಪೀಕರಿಗೆ ಸದ್ದು ಹೋಗುತ್ತೆ ಅಂತ ಹೇಳುವ ಒಂದೇ ಒಂದು ಗುಣಕ್ಕೆ ಎನ್‌ವಿಡಿಯಾದವರು ತಮ್ಮ ಹೆಸರು ಹಚ್ಚಿದ 'ಆಡಿಯೋ ರೂಟಿಂಗ್' ಇಟ್ಟರು, ಕ್ವಾಲ್‌ಕಾಮ್‌ನವರು ತಮ್ಮದೊಂದು, ಸ್ಯಾಮ್ಸಂಗಿನವರು ತಮ್ಮದೊಂದು, ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನವರು ತಮ್ಮದೊಂದು. ಅರ್ಥ ಎಲ್ಲದರದ್ದೂ ಒಂದೇ. ಒಂದೇ ಹೊಲಕ್ಕೆ ನಾಲ್ಕು ಪಹಣಿ!

2018ರಿಂದ ರಾಬ್ ಹೆರಿಂಗ್ ಮುಂದೆ ನಿಂತು ಈ ಪಠ್ಯಗಳನ್ನು ಯಾಮಲ್ ರೂಪದ ಸ್ಕೀಮಾಗಳಿಗೆ ಬದಲಿಸುವ ಕೆಲಸ ಶುರುವಾಯ್ತು. ಈಗ ಒಂದು ಕಮ್ಯಾಂಡ್ ಹೊಡೆದರೆ ನಿಮ್ಮ ಡಿವೈಸ್ ಟ್ರೀ ನಮೂನೆಗೆ ಹೊಂದುತ್ತೋ ಇಲ್ಲವೋ ಅಂತ ಯಂತ್ರವೇ ಹೇಳುತ್ತೆ. ಆಡಿಯೋ ವಿಭಾಗದಲ್ಲಿ ಮುಂದಿನ ಹೆಜ್ಜೆ ಅಂದರೆ, ಪ್ರತಿ ಚಿಪ್ಪಿನ ನಮೂನೆಯಲ್ಲೂ ಮತ್ತೆ ಮತ್ತೆ ಬರೆದಿದ್ದ ಸಾಮಾನ್ಯ ಸಂಗತಿಗಳನ್ನು ಎತ್ತಿ ಒಂದೇ ಕಡೆ ಇಡೋದು. ಅದಕ್ಕೆ ಒಳ್ಳೆಯ ಉದಾಹರಣೆ 2022ರ ಡಿಸೆಂಬರಿನಲ್ಲಿ ಕ್ರಿಸ್ಟಾಫ್ ಕೊಜ್ಲೋವ್ಸ್ಕಿ ಕಳಿಸಿದ ಬದಲಾವಣೆ. ಅಲ್ಲಿಯವರೆಗೆ ಹೆಸರಿಗೆ ಮುಂಪದ ಹಚ್ಚೋದಕ್ಕೆ ಅಂತಲೇ ಒಂದು ಚಿಕ್ಕ ನಮೂನೆ ಇತ್ತು. ಅದನ್ನೇ ಹಿಗ್ಗಿಸಿ ಎಲ್ಲ ಡಿಜಿಟಲ್ ಆಡಿಯೋ ಬಾಗಿಲುಗಳಿಗೂ ಒಂದು ಸಾಮಾನ್ಯ ನಮೂನೆ ಮಾಡಿದರು. ಹತ್ತಾರು ಚಿಪ್ಪುಗಳ ನಮೂನೆಗಳು ಅದನ್ನು ಕರೆಯೋ ಹಾಗಾಯ್ತು. ಆಮೇಲೆ ಸೌಂಡ್ ಕಾರ್ಡುಗಳಿಗೂ ಅಂಥದ್ದೇ ಸಾಮಾನ್ಯ ನಮೂನೆ ಬಂತು. ಕಂಪನಿಗೊಂದು ಹೆಸರಿದ್ದ ಆ 'ಆಡಿಯೋ ರೂಟಿಂಗ್' ಅಲ್ಲಿ ಕಂಪನಿ ಹೆಸರಿಲ್ಲದೆ ಸೇರಿಕೊಂಡಿತು.

ಹೆಸರಿಗೆ ಮುಂಪದ ಯಾಕೆ ಅಂತೀರಾ? ನಮ್ಮ ಓಣಿಯಲ್ಲಿ ಇಬ್ಬರು ಶರಣಪ್ಪ ಇದ್ದರು. ಮ್ಯಾಗಿನ ಮನಿ ಶರಣಪ್ಪ, ಕೆಳಗಿನ ಮನಿ ಶರಣಪ್ಪ. ಆ ಮುಂಪದ ಇಲ್ಲದೇ ಕೂಗಿದರೆ ಇಬ್ಬರೂ ತಿರುಗಿ ನೋಡೋರು. ಒಂದು ಬೋರ್ಡಿನಲ್ಲಿ ಎಡಕ್ಕೂ ಬಲಕ್ಕೂ ಒಂದೇ ಮಾಡೆಲ್ಲಿನ ಎರಡು ಆಂಪ್ಲಿಫೈಯರ್ ಇದ್ದರೆ ಕರ್ನಲ್‌ಗೂ ಅದೇ ಪಜೀತಿ.

ಇದು ಬರೀ ಎತ್ತಿಡೋ ಕೆಲಸ ಅಂದ್ಕೊಂಡಿರಾ? ಒಂದು ಸೂಕ್ಷ್ಮ ಹೇಳ್ತೀನಿ. ಪ್ರತಿ ನಮೂನೆಯ ಕೊನೆಗೆ ಒಂದು ಬಾಗಿಲು ಹಾಕ್ತೀವಿ: ಇಲ್ಲಿ ಬರೆದದ್ದು ಬಿಟ್ಟು ಬೇರೆ ಯಾವ ಗುಣ ಬಂದರೂ ತಪ್ಪು ಅಂತ. ಹಳೆಯ ಬಗೆಯ ಬಾಗಿಲಿಗೆ ತನ್ನ ಫೈಲಿನಲ್ಲಿ ಹೆಸರಿಸಿದವರು ಮಾತ್ರ ಕಾಣ್ತಾರೆ. ಸಾಮಾನ್ಯ ನಮೂನೆಯಿಂದ ಬಂದವರೂ ಅದಕ್ಕೆ ಪರಕೀಯರೇ. 'ಈ ಮನೆಯವರಿಗಷ್ಟೇ ಪ್ರವೇಶ' ಅಂತ ಬೋರ್ಡು ಹಾಕಿದರೆ ಬೇರೆ ಮನೆ ಮಾಡಿದ ಸ್ವಂತ ಅಣ್ಣನೂ ಹೊರಗೇ ನಿಂತಂಗೆ. ಹಾಗಾಗಿ ಸಾಮಾನ್ಯ ನಮೂನೆಯನ್ನು ಕರೆದ ಪ್ರತಿ ಫೈಲಿನಲ್ಲೂ ಬಾಗಿಲಿನ ಬಗೆ ಬದಲಿಸಬೇಕು. ಬದಲಿಸದಿದ್ದರೆ ಸರಿಯಾದದ್ದೂ ತಪ್ಪು ಅಂತ ಬರುತ್ತೆ. ಬಾಗಿಲೇ ತೆಗೆದರೆ ತಪ್ಪೆಲ್ಲ ಸರಿ ಅಂತ ಬರುತ್ತೆ. ಇದನ್ನು ಹತ್ತಾರು ಚಿಪ್ಪುಗಳಿಗೆ, ಒಂದೊಂದರ ಡೇಟಾಶೀಟು ತೆಗೆದು, ಇದರ ಬಾಗಿಲು ಒಂದೋ ಎರಡೋ ಅಂತ ನೋಡಿ ಮಾಡಬೇಕು. ಗುಮಾಸ್ತರು ಮಾಡಲಿ ನೋಡೋಣ.

ಈಗ ನನ್ನ ಮುತ್ಯಾನ ಕಥೆ. ನಮ್ಮದು ಕಮಲಾಪುರದ ಹತ್ತಿರದ ಊರು. ಹೌದು, ಕೆಂಪು ಬಾಳೆಯ ಕಮಲಾಪುರವೇ, ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗೋದು. 1948ರವರೆಗೆ ನಿಜಾಮರ ಆಳ್ವಿಕೆ. ಆಗ ಹೊಲದ ಲೆಕ್ಕವೆಲ್ಲ ಪಟವಾರಿ ದಫ್ತರದಲ್ಲಿ. ಒಂದಿಷ್ಟು ಉರ್ದು, ಒಂದಿಷ್ಟು ಮೋಡಿ ಲಿಪಿ, ಉಳಿದದ್ದು ಪಟವಾರಿಯ ಸ್ವಂತ ಚಿಹ್ನೆಗಳು. ಮುತ್ಯಾ ಹೇಳ್ತಿದ್ದ: "ಹೊಲ ನಂದು, ಬೆವರು ನಂದು, ಕಾಗದ ಅವಂದು. ಅಂವ ಓದಿದ್ದೇ ಖರೆ." ಎರಡು ಎಕರೆಯ ಒಂದು ತುಂಡು ಹೀಗೇ ಓದುವ ಬಾಯಲ್ಲಿ ಜಾರಿ ಹೋಯ್ತಂತೆ. ಯಾರೂ ಕಸಿಯಲಿಲ್ಲ, ಯಾರೂ ಹೊಡೆಯಲಿಲ್ಲ. ಕಾಗದದಲ್ಲಿ ಹಂಗ ಅದ ಅಂದರು, ಅಷ್ಟೇ.

ಆಮೇಲೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ಕಾನೂನಿನಿಂದಲೇ ಹೋದವು. ಈ ಶತಮಾನದ ಶುರುವಿನಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆ ತಂದು ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಲ್ಲಿಯವರೆಗೆ ಅವು ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದವು. ಅದರ ದೊಡ್ಡ ಗುಣ ಕಂಪ್ಯೂಟರ್ ಅಲ್ಲ. ಒಂದೇ ನಮೂನೆಯಲ್ಲಿರೋ ಪಹಣಿಯನ್ನು ಬೀದರಿನವನೂ ಓದಬಹುದು, ಚಾಮರಾಜನಗರದವನೂ ಓದಬಹುದು, ಬರೆದವನನ್ನು ಬೇಡಬೇಕಿಲ್ಲ ಅನ್ನೋದು. ನಮ್ಮಪ್ಪ ಮೊದಲ ಸಲ ಪ್ರಿಂಟಾದ ಪಹಣಿ ಹಿಡಿದುಕೊಂಡು ಮನೆಗೆ ಬಂದ ದಿನ ನನಗೆ ಗೊತ್ತಿದೆ. ಎರಡು ಸಲ ಗಟ್ಟಿಯಾಗಿ ಓದಿಸಿ ಕೇಳಿದ.

ಈಗ ಬೆಂಗಳೂರಿನ ನಮ್ಮ ಆಫೀಸುಗಳಿಗೆ ಬನ್ನಿ. ನಾವೇನು ಮಾಡ್ತಿದೀವಿ? ಪಟವಾರಿ ದಫ್ತರ ಇಟ್ಕೊಂಡು ಕೂತಿದೀವಿ. ಚಿಪ್ ಕಂಪನಿ ಕೊಟ್ಟ ಕರ್ನಲ್ ತಗೊಂಡು, ಹಳೆಯ ಬೋರ್ಡಿನ ಡಿವೈಸ್ ಟ್ರೀ ಕಾಪಿ ಹೊಡೆದು, ನಮಗೆ ಬೇಕಾದ ಗುಣವನ್ನು ನಮಗೆ ತೋಚಿದ ಹೆಸರಿನಲ್ಲಿ ಸೇರಿಸಿ, ಸದ್ದು ಬಂದರೆ ಸಾಕು ಅಂತ ಮಾಲು ಕಳಿಸ್ತೀವಿ. ನಮೂನೆ ಬರೆಯಲ್ಲ. ಬರೆದರೂ ಮೂಲ ಕರ್ನಲ್‌ಗೆ ಕಳಿಸಲ್ಲ. ಆ ದಫ್ತರ ಓದಬಲ್ಲ ಹುಡುಗ ಕಂಪನಿ ಬಿಟ್ಟ ದಿನ ಆ ಬೋರ್ಡಿನ ಕಥೆ ಮುಗೀತು.

ನಾನು ಬೇರೆಯವರ ಮೇಲೆ ಕಲ್ಲೆಸೀತಿಲ್ಲ, ನನ್ನದೇ ಪಾಪ ಕೇಳಿ. ಹಿಂದೆ ಇದ್ದ ಒಂದು ಕಂಪನಿಯಲ್ಲಿ ಚಿಪ್ಪುಗಳ ಕೊರತೆ ಬಂದು ಆಂಪ್ಲಿಫೈಯರ್ ಬದಲಿಸಬೇಕಾಯ್ತು. ಡಿವೈಸ್ ಟ್ರೀ ನಾನೇ ತಿದ್ದಿದೆ. ಕರ್ನಲ್ ಎದ್ದಿತು. ಸೌಂಡ್ ಕಾರ್ಡ್ ಕಾಣಿಸಿತು, ಮಿಕ್ಸರ್ ಕಾಣಿಸಿತು, ಹಾಡು ಪ್ಲೇ ಆಗ್ತಿದೆ ಅಂತಲೂ ತೋರಿಸಿತು. ಹೆಡ್‌ಫೋನಿನಲ್ಲಿ ಕೇಳ್ತಿತ್ತು. ಸ್ಪೀಕರ್ ಮಾತ್ರ ಮೂಕ. ಒಂದೇ ಒಂದು ಎರರ್ ಇಲ್ಲ.

ಒಂಬತ್ತು ದಿನ ಹೋಯ್ತು. ಆಸಿಲ್ಲೋಸ್ಕೋಪ್ ಹಚ್ಚಿದ್ವಿ, ಹಾರ್ಡ್‌ವೇರ್ ಟೀಮಿನವರ ಜೊತೆ ಜಗಳ ಆಡಿದ್ವಿ, ಸ್ಪೀಕರೇ ಬದಲಿಸಿದ್ವಿ. ಕೊನೆಗೆ ಸಿಕ್ಕಿದ್ದು: ಆಂಪ್ಲಿಫೈಯರನ್ನು ಎಚ್ಚರಿಸುವ ಪಿನ್ನಿನ ಹೆಸರಿನಲ್ಲಿ ಹೈಫನ್ ಇರಬೇಕಾದ ಕಡೆ ನಾನು ಅಂಡರ್‌ಸ್ಕೋರ್ ಹಾಕಿದ್ದೆ.

ಇಲ್ಲಿದೆ ನೋಡಿ ಇಡೀ ವಾದದ ಬೇರು. ಸಿ ಕೋಡಿನಲ್ಲಿ ಹೆಸರು ತಪ್ಪು ಬರೆದರೆ ಕಂಪೈಲರ್ ಅಲ್ಲೇ ಹಿಡಿಯುತ್ತೆ. ಡಿವೈಸ್ ಟ್ರೀಯಲ್ಲಿ ಹೆಸರು ತಪ್ಪು ಬರೆದರೆ ಕರ್ನಲ್ ತುಟಿ ಪಿಟಕ್ಕೆನ್ನಲ್ಲ. ಡ್ರೈವರ್ ತನಗೆ ಬೇಕಾದ ಹೆಸರು ಹುಡುಕುತ್ತೆ, ಸಿಗದಿದ್ದರೆ 'ಈ ಬೋರ್ಡಿನಲ್ಲಿ ಅಂಥ ಪಿನ್ ಇಲ್ಲವೇನೋ' ಅಂದ್ಕೊಂಡು ಮುಂದೆ ಹೋಗುತ್ತೆ. ನೀವು ಬರೆದ ಹೆಸರು ಅನಾಥವಾಗಿ ಅಲ್ಲೇ ಬಿದ್ದಿರುತ್ತೆ. ಆ ಅನಾಥನನ್ನು ಹಿಡಿದು ಕೊಡೋದು ಕೊನೆಗೆ ಬಾಗಿಲು ಹಾಕಿದ ಸ್ಕೀಮಾ. ಅವತ್ತು ಆ ಚಿಪ್ಪಿಗೆ ನಮೂನೆ ಬರೆದು ಚೆಕ್ ಓಡಿಸಿದ್ದರೆ ಒಂದು ನಿಮಿಷದಲ್ಲಿ ಸಿಗೋದು. ಒಂಬತ್ತು ದಿನಕ್ಕೆ ಒಂದು ನಿಮಿಷ. ಇದು ಫೀಚರ್ ಅಲ್ಲದೇ ಇದ್ದರೆ ಇನ್ಯಾವುದು ಫೀಚರ್ ಸ್ವಾಮಿ?

ಎದುರು ವಾದಗಳು ನನಗೂ ಗೊತ್ತು. ಮೊದಲನೆಯದು, ನಡೀತಿರೋದನ್ನು ಯಾಕೆ ಕೆದಕ್ತೀರಿ? ಉತ್ತರ: ನಾವು ಕೆದಕ್ತಿರೋದು ನಡೆಯೋ ಬೋರ್ಡನ್ನಲ್ಲ, ಅದರ ನಮೂನೆಯನ್ನು. ಒಮ್ಮೆ ಹೊರಗೆ ಹೋದ ಡಿವೈಸ್ ಟ್ರೀ ಹೊಸ ಕರ್ನಲ್‌ನಲ್ಲೂ ನಡೆಯಬೇಕು ಅನ್ನೋದು ಅಲ್ಲಿನ ಕಟ್ಟುನಿಟ್ಟಿನ ಸಂಪ್ರದಾಯ. ಹಳೆಯ ಹೆಸರನ್ನು ಕಿತ್ತು ಬಿಸಾಕಲ್ಲ, 'ಇದು ಹಳತು, ಹೊಸದಾಗಿ ಬಳಸಬೇಡಿ' ಅಂತ ಗುರುತು ಹಾಕಿ ಬಿಡ್ತಾರೆ.

ಎರಡನೆಯದು ತೂಕದ ಮಾತು. ಹೊಸ ನಮೂನೆ ಬಂದ ಕೂಡಲೇ ಹಳೆಯ ಬೋರ್ಡುಗಳಿಂದ ಎಚ್ಚರಿಕೆಗಳ ಮಳೆ ಸುರಿಯುತ್ತೆ, ಅದನ್ನೆಲ್ಲ ನೋಡೋಕೆ ವಿಮರ್ಶಕರು ಕೈಬೆರಳೆಣಿಕೆಯಷ್ಟು. ನಿಜ. ಆಡಿಯೋ ವಿಭಾಗದ ಮೇಂಟೇನರ್ ಮಾರ್ಕ್ ಬ್ರೌನ್ ಅಂಥವರ ಮೇಲೆ ಬೀಳುವ ಹೊರೆ ಸಣ್ಣದಲ್ಲ. ಆದರೆ ಈ ವಾದದ ತೀರ್ಪು ಏನಾಗಬೇಕು? ಕೆಲಸ ನಿಲ್ಲಿಸಿ ಅಂತಲೋ, ಇನ್ನಷ್ಟು ಜನ ಬನ್ನಿ ಅಂತಲೋ? ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ. ನಾಲ್ಕು ದಶಕದಿಂದ ಚಿಪ್ಪಿನ ಕೆಲಸ ಮಾಡ್ತಿರೋ ಊರು ನಮ್ಮದು. ಸೌಂಡ್‌ವೈರ್ ಅನ್ನೋ ಆಡಿಯೋ ಬಸ್ಸನ್ನು ಕರ್ನಲ್‌ನಲ್ಲಿ ನೋಡಿಕೊಳ್ಳುವ ವಿನೋದ್ ಕೌಲ್ ನಮ್ಮ ದೇಶದವರೇ. ಅಂಥವರು ಇದ್ದಾರೆ, ಆದರೆ ಈ ಊರಿನ ಎಂಜಿನಿಯರುಗಳ ಸಂಖ್ಯೆಗೆ ಹೋಲಿಸಿದರೆ ಸಾಲದು. ಕಾರಣ ಬುದ್ಧಿ ಅಲ್ಲ, ಅಪ್ರೈಸಲ್ ಶೀಟು.

ಮೂರನೆಯದು, ಪ್ರತಿ ಹಾರ್ಡ್‌ವೇರ್ ಬೇರೆ ಬೇರೆ, ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕೋಕಾಗಲ್ಲ. ಒಪ್ಪಿದೆ. ಅದಕ್ಕೇ ಸಾಮಾನ್ಯವಾದದ್ದು ಮಾತ್ರ ಸಾಮಾನ್ಯ ಫೈಲಿಗೆ ಹೋಗುತ್ತೆ, ಚಿಪ್ಪಿನ ಖಾಸಗಿ ಚಾಳಿ ಚಿಪ್ಪಿನ ಫೈಲಿನಲ್ಲೇ ಉಳಿಯುತ್ತೆ. ಎಲ್ಲಿ ಗೆರೆ ಎಳೀಬೇಕು ಅನ್ನೋ ವಿವೇಕವೇ ಈ ಕೆಲಸದ ಕಷ್ಟ. ನನ್ನ ಮೊದಲ ಪ್ಯಾಚ್ ಮೂರು ಸಲ ವಾಪಸ್ ಬಂತು. ಒಂದು ಚಿಪ್ಪಿನ ಚಾಳಿಯನ್ನು ನಾನು ಎಲ್ಲರಿಗೂ ಹೊರಿಸಿದ್ದೆ. ನಾಲ್ಕನೇ ಸಲ ಒಪ್ಪಿದರು. ಆ ಮೂರು ಸಲದಲ್ಲಿ ಕಲಿತಷ್ಟು ನಾನು ಬಿಇ ನಾಲ್ಕು ವರ್ಷದಲ್ಲಿ ಕಲಿತಿರಲಿಲ್ಲ.

ಸ್ಕೀಮಾ ಎಲ್ಲ ರೋಗಕ್ಕೂ ಮದ್ದು ಅಂತಾನೂ ನಾನು ಹೇಳಲ್ಲ. ನಮೂನೆ ತುಂಬಿದ್ದು ಸರಿ ಇದೆಯಾ ಅಂತ ಅದು ಹೇಳುತ್ತೆ, ತುಂಬಿದ್ದು ಸತ್ಯವಾ ಅಂತ ಹೇಳಲ್ಲ. ಪಿನ್ ನಂಬರ್ 12 ಇರಬೇಕಾದ ಕಡೆ 21 ಬರೆದರೆ ಚೆಕ್ ಪಾಸ್, ಸ್ಪೀಕರ್ ಮೂಕ. 'ಭೂಮಿ' ಬಂದ ಮೇಲೂ ಪಹಣಿ ತಿದ್ದುಪಡಿಗೆ ಅರ್ಜಿ ಹಾಕೋ ರೈತರು ಇದ್ದಾರೆ. ಆದರೆ ತಪ್ಪು ಎಲ್ಲರಿಗೂ ಓದೋಕೆ ಬರುವ ಅಕ್ಷರದಲ್ಲಿದ್ದರೆ ತಾನೇ ಯಾರಾದರೂ ತಿದ್ದೋದು?

ಈಗ ಅವ್ವನ ಕಡೆಗೆ ಬರ್ತೀನಿ.

ಅವ್ವಗೆ ಕೊಡಿಸಿದ್ದು ಸಾಧಾರಣ ಬೆಲೆಯ ಒಂದು ಫೋನು. ದಿನಾ ರಾತ್ರಿ ಊಟ ಆದ ಮೇಲೆ ವಿಡಿಯೋ ಕಾಲ್. ಮೊಮ್ಮಗನ ಜೊತೆ ಎರಡು ಮಾತಾಡದೇ ಮಲಗೋಳಲ್ಲ. ಒಂದು ದಿನ ಅಪ್‌ಡೇಟ್ ಬಂತು, ಅವತ್ತಿಂದ ಸ್ಪೀಕರ್ ಬಂದ್. "ಯಪ್ಪಾ, ನೀ ಬಾಯಿ ಆಡ್ಸೋದು ಕಾಣ್ತದ, ಆವಾಜ ಬರವಲ್ದು" ಅಂದಳು. ಇಯರ್‌ಫೋನ್ ಹಾಕಿದರೆ ಕೇಳುತ್ತೆ. ಆದರೆ ಆಕೆಗೆ ಕಿವಿಯೊಳಗೆ ಏನೋ ತುರುಕೊಳ್ಳೋದು ಆಗಲ್ಲ.

ಕಮಲಾಪುರದಲ್ಲಿ ಒಂದು ಮೊಬೈಲ್ ಅಂಗಡಿಗೆ ಒಯ್ದಳು. ಹುಡುಗ ನೋಡಿ, "ಸಾಫ್ಟ್‌ವೇರ್ ಪ್ರಾಬ್ಲಮ್ ಅದ ರೀ ಅವ್ವಾರ, ಹೊಸಾದು ತಗೊಂಡುಬಿಡ್ರಿ" ಅಂದ. ಆಕೆ ನನಗೆ ಫೋನ್ ಹಚ್ಚಿ ಕೇಳಿದ್ದು ಒಂದೇ ಮಾತು: "ನೀನೂ ಸಾಫ್ಟ್‌ವೇರೇ ಅಲ್ಲೇನು?"

ಹಬ್ಬಕ್ಕೆ ಊರಿಗೆ ಹೋದಾಗ ಆ ಫೋನ್ ತಗೊಂಡು ಬಂದೆ. ಕರ್ನಲ್ ಜಿಪಿಎಲ್ ಲೈಸೆನ್ಸಿನದ್ದು. ಫೋನ್ ಮಾರಿದವರು ಅದರ ಸೋರ್ಸ್ ಕೊಡಬೇಕು. ಹುಡುಕಿದೆ. ಸಿಕ್ಕಿದ್ದು ಬೇರೆ ಮಾಡೆಲ್ಲಿನದ್ದು, ಅದೂ ಹಳೆಯದ್ದು. ಅವ್ವನ ಫೋನಿನಲ್ಲಿ ಯಾವ ಆಂಪ್ಲಿಫೈಯರ್ ಇದೆ, ಯಾವ ಪಿನ್ನಿಗೆ ಯಾವ ಹೆಸರು ಬರೆದಿದ್ದಾರೆ, ಅಪ್‌ಡೇಟಿನಲ್ಲಿ ಏನು ಬದಲಾಯ್ತು, ಒಂದೂ ತಿಳಿಯಲಿಲ್ಲ. ನನ್ನದೇ ಥರದ ಅಂಡರ್‌ಸ್ಕೋರ್ ಇರಬಹುದು, ಇನ್ನೇನೋ ಇರಬಹುದು. ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತಿರೋ ನಾನು ಆ ಫೋನಿನ ಮುಂದೆ ಮುತ್ಯಾನ ಹಾಗೆ ಕೂತಿದ್ದೆ. ಫೋನ್ ನಮ್ಮದು, ದುಡ್ಡು ನಮ್ಮದು, ಕಾಗದ ಅವರದ್ದು.

ಬೇರೆ ಫೋನ್ ಕೊಡಿಸಿದೆ. ನನ್ನ ಹತ್ತಿರ ದುಡ್ಡಿತ್ತು. ಅದೇ ಓಣಿಯಲ್ಲಿ ದುಡ್ಡಿಲ್ಲದವರ ಮನೆಯಲ್ಲಿ ಇಂಥ ಮೂಕ ಫೋನುಗಳು ಇನ್ನೂ ಓಡ್ತಿವೆ.

ಆದ್ದರಿಂದ ಮ್ಯಾನೇಜರುಗಳೇ, ಟೀಮ್ ಲೀಡುಗಳೇ, ನನ್ನಂಥ ಎಂಜಿನಿಯರುಗಳೇ, ಕೇಳೋದು ದೊಡ್ಡದೇನಲ್ಲ. ಹೊಸ ಚಿಪ್ ತಂದರೆ ಡ್ರೈವರಿಗಿಂತ ಮೊದಲು ಅದರ ನಮೂನೆ ಬರೆಯಿರಿ. ನಿಮ್ಮದೇ ಹೆಸರು ಹುಟ್ಟಿಸುವ ಮುಂಚೆ ಸಾಮಾನ್ಯ ನಮೂನೆಯಲ್ಲಿ ಇದೆಯಾ ಅಂತ ನೋಡಿ. ಪ್ರತಿ ಬಿಲ್ಡಿನಲ್ಲೂ ಸ್ಕೀಮಾ ಚೆಕ್ ಓಡಿಸಿ, ಫೇಲಾದರೆ ಬಿಲ್ಡ್ ನಿಲ್ಲಿಸಿ. ಬರೆದದ್ದನ್ನು ಮೂಲ ಕರ್ನಲ್‌ಗೆ ಕಳಿಸಿ. ಕಳಿಸಿದವರ ಅಪ್ರೈಸಲ್‌ನಲ್ಲಿ ಅದಕ್ಕೊಂದು ಸಾಲು ಕೊಡಿ. ಬೇರೆ ಚಿಪ್ಪಿಗೆ ಹಳೆಯ ಚಿಪ್ಪಿನ ಹೆಸರು ಹಚ್ಚಿ ಕಳಿಸೋದು ನಿಲ್ಲಿಸಿ. ನಮ್ಮೂರ ಕೆಂಪು ಬಾಳೆಗೆ ಜಿಐ ಗುರುತು ಇದೆ, ಯಾವುದೋ ಬಾಳೆಹಣ್ಣನ್ನು ಆ ಹೆಸರಲ್ಲಿ ಮಾರಿದರೆ ನಾವು ಜಗಳಕ್ಕೆ ಬರ್ತೀವಿ. ಚಿಪ್ಪಿನ ಹೆಸರಿಗೂ ಅಷ್ಟು ಮರ್ಯಾದೆ ಇರಲಿ.

ಪಟವಾರಿಯ ಮೇಲೆ ಮುತ್ಯಾನಿಗೆ ಸಾಯೋವರೆಗೂ ಸಿಟ್ಟಿತ್ತು. ನಾಳೆ ನನ್ನ ಮಗ ಯಾವುದೋ ಮೂಕ ಡಬ್ಬಿ ಹಿಡಿದು, ಇದನ್ನು ಬರೆದವನು ಯಾರು ಅಂತ ಕೇಳಿದಾಗ ನನ್ನ ಹೆಸರು ಬರಬಾರದು.

ಈ ವರ್ಷದ ಅಪ್ರೈಸಲ್ ಹತ್ತಿರ ಬಂದಿದೆ. ನನ್ನ ಶೀಟಿನ ಮೊದಲ ಸಾಲು ಈ ಸಲವೂ ಅದೇ: ಆಡಿಯೋ ಸ್ಕೀಮಾಗಳ ಮರುಜೋಡಣೆ. ಮ್ಯಾನೇಜರ್ ಸಾಹೇಬರೇ, 'ಬರೀ' ಅನ್ನೋದನ್ನು ಬಿಟ್ಟು ಓದಿಕೊಳ್ಳಿ.